ನಿಧಾನವೇ ಪ್ರಧಾನ: ಮೊದಲ ಹಿಮಶಿಖರಕ್ಕೆ ಹೊರಡುವ ಮುನ್ನ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಲಡಾಖಿನ ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ನಸುಕಿನಲ್ಲಿ ಬೆಂಗಳೂರು ಬಿಟ್ಟು ದೆಹಲಿಯಲ್ಲಿ ವಿಮಾನ ಬದಲಿಸಿದವರು ಅದೇ ದಿನ ಲೇಹ್‌ನಲ್ಲಿ ಇಳಿಯಬಹುದು. ಟಿಕೆಟ್ಟಿಗೆ ಹಣ ಕೊಟ್ಟರೆ ವಿಮಾನ ಇಷ್ಟು ಬೇಗ ಮೇಲಕ್ಕೆ ಒಯ್ಯುತ್ತದೆ. ಆದರೆ ಪ್ರಯಾಣಿಕನ ಶ್ವಾಸಕೋಶ, ಮೂತ್ರಪಿಂಡ, ಮಿದುಳು ಅಷ್ಟು ಬೇಗ ಅಲ್ಲಿಗೆ ತಲುಪುವುದಿಲ್ಲ. ಅವು ತಮ್ಮದೇ ವೇಗದಲ್ಲಿ, ನಡೆದುಕೊಂಡೇ ಬರುತ್ತವೆ ಎನ್ನಬೇಕು.

ಈಚಿನ ವರ್ಷಗಳಲ್ಲಿ ಕಾಲೇಜು ಮುಗಿಸುವ ಹೊತ್ತಿಗೆ ಒಂದಾದರೂ ಹಿಮಶಿಖರ ಏರಬೇಕೆಂಬ ಆಸೆ ನಮ್ಮ ಅನೇಕ ಹುಡುಗ ಹುಡುಗಿಯರಲ್ಲಿ ಮೂಡಿದೆ. ಆಸೆ ಒಳ್ಳೆಯದೇ. ಮಾರ್ಗದರ್ಶಕರ ಜೊತೆ ಮೊದಲ ಬಾರಿಗೆ ಆರು ಸಾವಿರ ಮೀಟರ್ ದಾಟಲು ಬಯಸುವವರು ಹೆಚ್ಚಾಗಿ ಕೇಳುವ ಹೆಸರುಗಳಲ್ಲಿ ಒಂದು ಲಡಾಖಿನ ಕಾಂಗ್ ಯಾತ್ಸೆ-2. ಲೇಹ್ ಪಕ್ಕದ ಸ್ಟೋಕ್ ಕಾಂಗ್ರಿ ಶಿಖರವನ್ನು 2020ರಲ್ಲಿ ಆರೋಹಿಗಳಿಗೆ ಮುಚ್ಚಿದ ಮೇಲೆ ಇತ್ತ ಬರುವವರು ಹೆಚ್ಚಿದರು. ಇದರ ಎತ್ತರ ಸುಮಾರು 6,250 ಮೀಟರ್. ಮಾರ್ಖಾ ಕಣಿವೆಯಲ್ಲಿ ಕೆಲವು ದಿನ ನಡೆದು, ಸುಮಾರು 5,100 ಮೀಟರ್ ಎತ್ತರದ ತಳಶಿಬಿರ ಸೇರಿ, ಅಲ್ಲಿಂದ ಒಂದು ರಾತ್ರಿ ಹೊರಟು ಹಿಮದ ಇಳಿಜಾರಿನಲ್ಲಿ ಏರಬೇಕು. ಕಡಿದಾದ ಬಂಡೆ ಹತ್ತುವ ಪ್ರಮೇಯ ಇಲ್ಲಿಲ್ಲ. ಹಾಗೆಂದು ಇದು ಸುಲಭದ ಶಿಖರವೇನೂ ಅಲ್ಲ. ಕಷ್ಟವಿರುವುದು ಗಾಳಿಯಲ್ಲಿ.

ಗಾಳಿ ಅದೇ, ಒತ್ತಡ ಬೇರೆ

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಮಂಗಳೂರಿನ ಕಡಲತೀರದಲ್ಲಿ ಇರುವಂತೆಯೇ ಕಾಂಗ್ ಯಾತ್ಸೆಯ ನೆತ್ತಿಯಲ್ಲೂ ಗಾಳಿಯಲ್ಲಿ ಆಮ್ಲಜನಕ ಶೇಕಡ 21ರಷ್ಟೇ ಇದೆ. ಕಡಿಮೆಯಾಗುವುದು ವಾಯುಭಾರ. ಕಡಲತೀರದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಲೇಹ್‌ನಲ್ಲಿ ಸುಮಾರು 500ಕ್ಕೆ ಇಳಿಯುತ್ತದೆ. ತಳಶಿಬಿರದಲ್ಲಿ 410ರ ಆಸುಪಾಸು. ಶಿಖರದಲ್ಲಿ ಕಡಲತೀರದ ಅರ್ಧಕ್ಕಿಂತಲೂ ಕಡಿಮೆ. ಒತ್ತಡ ಕಡಿಮೆಯಾದರೆ ಅಣುಗಳು ಚದುರುತ್ತವೆ. ಅದೇ ಎದೆತುಂಬ ಉಸಿರೆಳೆದರೂ ಒಳಗೆ ಬರುವ ಆಮ್ಲಜನಕ ಅರ್ಧದಷ್ಟೇ.

ಇದನ್ನು ಅಡುಗೆಮನೆಯ ಭಾಷೆಯಲ್ಲೂ ಹೇಳಬಹುದು. ವಾಯುಭಾರ ಕಡಿಮೆಯಾದಂತೆ ನೀರು ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಪ್ರತಿ 300 ಮೀಟರಿಗೆ ಹೆಚ್ಚು ಕಡಿಮೆ ಒಂದು ಡಿಗ್ರಿ. ಐದು ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 83 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗದು. ಹಾಗಾಗಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲವೆನ್ನಬೇಕು. ಶಿಬಿರದ ಅಡುಗೆಯವನು ಕುಕ್ಕರ್ ಹೊತ್ತು ತರುವುದು ಇದಕ್ಕೇ.

ಕುಕ್ಕರಿನೊಳಗೆ ಒತ್ತಡ ಹೆಚ್ಚಿಸಬಹುದು. ಮನುಷ್ಯನ ಎದೆಗೂಡಿನೊಳಗೆ ಹಾಗೆ ಮಾಡಲಾಗದು. ದೇಹವೇ ಹೊಂದಿಕೊಳ್ಳಬೇಕು.

ದೇಹ ಏನು ಮಾಡುತ್ತದೆ?

ಮೊದಲ ಕೆಲವು ಗಂಟೆಗಳಲ್ಲೇ ಉಸಿರಾಟ ಚುರುಕಾಗುತ್ತದೆ, ಎದೆಬಡಿತ ಹೆಚ್ಚುತ್ತದೆ. ಆದರೆ ಬೇಗ ಬೇಗ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ತುಸು ಕ್ಷಾರೀಯವಾಗುತ್ತದೆ. ಆಗ ಮಿದುಳು 'ಸಾಕು, ಉಸಿರು ನಿಧಾನಿಸು' ಎಂದು ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹೊರಹಾಕಿ ಈ ಕಡಿವಾಣವನ್ನು ಸಡಿಲಿಸುತ್ತವೆ. ಅದಕ್ಕೆ ಕೆಲವು ದಿನಗಳು ಬೇಕು. ಮೊದಲ ರಾತ್ರಿಗಳಲ್ಲಿ ಪದೇಪದೇ ಮೂತ್ರಕ್ಕೆ ಏಳಬೇಕಾದರೆ ಬೇಸರಿಸಬೇಕಾಗಿಲ್ಲ, ಹೊಂದಾಣಿಕೆ ನಡೆಯುತ್ತಿದೆ ಎಂದುಕೊಳ್ಳಬಹುದು. ನಿದ್ದೆಯಲ್ಲಿ ಗೆಳೆಯನ ಉಸಿರು ಕೆಲವು ಕ್ಷಣ ನಿಂತು ಮತ್ತೆ ಜೋರಾಗಿ ಆರಂಭವಾಗುವುದೂ ಎತ್ತರದಲ್ಲಿ ಸಾಮಾನ್ಯ.

ಕೆಂಪು ರಕ್ತಕಣಗಳ ಕಥೆ ಇನ್ನೂ ನಿಧಾನ. ಅವನ್ನು ಹೆಚ್ಚಿಸೆಂಬ ಸಂದೇಶ ಕೆಲವೇ ಗಂಟೆಗಳಲ್ಲಿ ಮೂಳೆಯ ಮಜ್ಜೆಗೆ ಹೋಗುತ್ತದೆ. ಹೊಸ ಕಣಗಳು ಸಾಕಷ್ಟು ತಯಾರಾಗಲು ವಾರಗಳು ಬೇಕು. ಹತ್ತು ಹನ್ನೆರಡು ದಿನಗಳ ಪ್ರವಾಸದಲ್ಲಿ ಅದರ ಪೂರ್ಣ ಲಾಭ ಸಿಗದು. ಇರುವ ಕಾಲದಲ್ಲಿ ಆಗಬೇಕಾದ ಹೊಂದಾಣಿಕೆಯನ್ನಾದರೂ ಕೆಡಿಸದೆ ನಡೆಯಬೇಕು.

ಗಟ್ಟಿಮುಟ್ಟಾಗಿದ್ದರೆ ಸಾಕೇ?

ಸಾಲದು. ಇದಕ್ಕೆ ದೊಡ್ಡ ಪುರಾವೆ ಸಿಕ್ಕಿದ್ದು ನಮ್ಮ ದೇಶದಲ್ಲೇ. 1962ರ ಯುದ್ಧದ ಕಾಲದಲ್ಲಿ ಬಯಲು ಸೀಮೆಯ ಯೋಧರನ್ನು ಅವಸರದಲ್ಲಿ ಹಿಮಾಲಯದ ಎತ್ತರಗಳಿಗೆ ಸಾಗಿಸಬೇಕಾಯಿತು. ಅವರಲ್ಲಿ ಬಹಳ ಮಂದಿ ಕಾಯಿಲೆ ಬಿದ್ದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಯೋಧರ ಅನುಭವವನ್ನು ಒಟ್ಟುಗೂಡಿಸಿ 1969ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಎತ್ತರದ ಕಾಯಿಲೆಯ ಬಗ್ಗೆ ಇಂದಿಗೂ ಆ ಲೇಖನವನ್ನು ಉಲ್ಲೇಖಿಸುತ್ತಾರೆ.

ಆ ಯೋಧರು ದುರ್ಬಲರಾಗಿರಲಿಲ್ಲ. ದಿನವೂ ಕವಾಯತು ಮಾಡಿದ ಗಟ್ಟಿ ಆಳುಗಳು. ಮೈಕಟ್ಟು ಅವರನ್ನು ಕಾಯಲಿಲ್ಲ. ಎಷ್ಟು ಎತ್ತರ ಎನ್ನುವಷ್ಟೇ ಮುಖ್ಯವಾಗಿ, ಎಷ್ಟು ಬೇಗ ಏರಿದರು ಎಂಬುದು ಲೆಕ್ಕಕ್ಕೆ ಬಂತು. ಯಾರಿಗೆ ಕಾಯಿಲೆ ಬಂದೀತೆಂದು ಮುಖ ನೋಡಿ ಹೇಳುವಂತೆಯೂ ಇಲ್ಲ. ಕಾಲೇಜಿನ ಓಟದಲ್ಲಿ ಮೊದಲು ಬಂದವನಿಗೆ ತಲೆ ಸಿಡಿಯಬಹುದು, ಕೊನೆಯಲ್ಲಿ ಬಂದವಳು ಆರಾಮವಾಗಿರಬಹುದು. ಶಕ್ತಿವಂತರಿಗೇ ಅಪಾಯ ಒಂದು ಪಟ್ಟು ಹೆಚ್ಚು ಎಂದರೂ ತಪ್ಪಿಲ್ಲ. ಕಾಲಿನಲ್ಲಿ ಬಲವಿರುವುದರಿಂದ ಅವರು ದೇಹ ಒಪ್ಪುವ ಮೊದಲೇ ಮೇಲೆ ಹೋಗಿಬಿಡುತ್ತಾರೆ.

ಹಾಗಾದರೆ ತಾಲೀಮು ಏಕೆ?

ತಾಲೀಮು ಬೇಕೇ ಬೇಕು. ದೇಹಕ್ಕೆ ಅಭ್ಯಾಸವಿದ್ದರೆ ಅದೇ ಕೆಲಸ ಕಡಿಮೆ ಶ್ರಮದಲ್ಲಿ ಆಗುತ್ತದೆ. ಹತ್ತಿ ಇಳಿಯುವ ಹನ್ನೆರಡು ಗಂಟೆಗಳ ಕೊನೆಯಲ್ಲೂ ಕಾಲು ತಡವರಿಸುವುದಿಲ್ಲ, ತಲೆ ಸರಿಯಾಗಿ ಯೋಚಿಸುತ್ತದೆ.

ಕಾಂಗ್ ಯಾತ್ಸೆಗೆ ಹೋಗುವ ಕಾಲ ಮುಖ್ಯವಾಗಿ ಜುಲೈನಿಂದ ಸೆಪ್ಟೆಂಬರ್ ಮೊದಲ ಭಾಗ. ಜುಲೈನಲ್ಲಿ ಹೊರಡುವವರು ಸಂಕ್ರಾಂತಿಯ ಹೊತ್ತಿಗೇ ತಯಾರಿ ಆರಂಭಿಸುವುದು ಒಳ್ಳೆಯದು. ಪರೀಕ್ಷೆಯ ದಿನಗಳಲ್ಲಿ ಸ್ವಲ್ಪ ತಪ್ಪಿದರೂ ನಷ್ಟವಾಗದು. ವಾರದಲ್ಲಿ ಮೂರು ದಿನ ಮುಕ್ಕಾಲು ಗಂಟೆ ಓಟ ಅಥವಾ ಸೈಕಲ್. ಪಕ್ಕದವರೊಡನೆ ಮಾತಾಡಿಕೊಂಡು ಹೋಗುವಷ್ಟು ವೇಗ ಸಾಕು. ಇನ್ನೆರಡು ದಿನ ಬೆನ್ನಿಗೆ ಚೀಲ ಹಾಕಿ ಮೆಟ್ಟಿಲು ಹತ್ತಿಳಿಯುವುದು. ಮೊದಲು ಐದು ಕಿಲೋ ಭಾರ, ತಿಂಗಳು ಕಳೆದಂತೆ ಹತ್ತು ಕಿಲೋ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿವೆ. ಬೇರೆಯವರಿಗೆ ತಮ್ಮೂರಿನ ಗುಡ್ಡ, ಅದೂ ಇಲ್ಲದಿದ್ದರೆ ಕಾಲೇಜಿನ ಮೂರು ಮಹಡಿ. ಹೊರಡುವ ಮುನ್ನ ಒಮ್ಮೆ ಕುಕ್ಕೆ ಕಡೆಯಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತ ಏರಿಳಿದರೆ ಕಾಲಿನ ನಿಜವಾದ ಪರೀಕ್ಷೆಯಾಗುತ್ತದೆ. ಮಂಡಿಯನ್ನು ದಣಿಸುವುದು ಇಳಿಜಾರು ಎಂಬುದೂ ಅಲ್ಲೇ ತಿಳಿಯುತ್ತದೆ.

ಕರ್ನಾಟಕದ ಯಾವ ಬೆಟ್ಟವೂ ಎತ್ತರದ ಹೊಂದಾಣಿಕೆಯನ್ನು ಕಲಿಸದು. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಮಾತ್ರ. ಒಮ್ಮೆ ಗಳಿಸಿದ ಹೊಂದಾಣಿಕೆಯೂ ಕೆಳಗಿಳಿದ ಕೆಲವು ವಾರಗಳಲ್ಲಿ ಕರಗುತ್ತದೆ. ಆದ್ದರಿಂದ ಅದನ್ನು ಅಲ್ಲೇ, ದಾರಿಯಲ್ಲೇ ಸಂಪಾದಿಸಬೇಕು.

ದಿನಗಳ ಲೆಕ್ಕ

ಪರ್ವತ ವೈದ್ಯರು ಒಪ್ಪಿರುವ ನಿಯಮ ಸರಳ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇನ್ನೊಂದು ರಾತ್ರಿ ಕಳೆಯಬೇಕು. ಹಗಲು ಸ್ವಲ್ಪ ಹೆಚ್ಚು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಬಂದು ಮಲಗಿದರೆ ತೊಂದರೆಯಿಲ್ಲ, ಒಳ್ಳೆಯದೇ.

ಈ ಅಳತೆಗೋಲಿನಿಂದ ಕಾಂಗ್ ಯಾತ್ಸೆಯ ದಾರಿಯನ್ನು ನೋಡಬಹುದು. ವಿಮಾನದಲ್ಲಿ ಇಳಿದವರು ಲೇಹ್‌ನಲ್ಲಿ ಮೊದಲ ಎರಡು ದಿನ ಸುಮ್ಮನಿರಬೇಕು. ಪೇಟೆ ಸುತ್ತಾಟ, ಮೋಟಾರ್ ಸೈಕಲ್ಲಿನಲ್ಲಿ ಖರ್ದುಂಗ್ ಲಾ ಏರುವುದು ಎಲ್ಲ ಆಮೇಲೆ. ಬಳಿಕ ಸ್ಕಿಯು, ಮಾರ್ಖಾ, ಹಂಕರ್, ಥಾಚುಂಗ್ಸೆ, ನಿಮಾಲಿಂಗ್ ಎಂದು ಕಣಿವೆಯಲ್ಲಿ ನಡೆದಂತೆ ಎತ್ತರ ಮೆಲ್ಲಗೆ ಏರುತ್ತದೆ. ತಳಶಿಬಿರ ಸೇರಿದ ಮೇಲೆ ಅಲ್ಲೊಂದು ದಿನ ವಿಶ್ರಾಂತಿ ಮತ್ತು ಹಿಮದ ಮೇಲಿನ ಅಭ್ಯಾಸ. ಹವೆ ಕೆಟ್ಟರೆ ಕಾಯಲು ಇನ್ನೊಂದು ದಿನ ಕೈಯಲ್ಲಿರಬೇಕು. ಕೆಲವು ಜಾಹೀರಾತುಗಳು 'ಒಂದೇ ವಾರದಲ್ಲಿ ಶಿಖರ' ಎನ್ನುತ್ತವೆ. ರಜೆಯೂ ಹಣವೂ ಉಳಿಯುವಂತೆ ಕಾಣುವ ಆ ದಿನಗಳನ್ನು ಕದ್ದಿರುವುದು ದೇಹದ ಪಾಲಿನಿಂದ.

ಬಚ್ಚಿಡಬಾರದ ತಲೆನೋವು

ಎತ್ತರದ ಕಾಯಿಲೆಯ ಮೊದಲ ಗುರುತು ತಲೆನೋವು. ಅದರ ಜೊತೆ ಊಟ ಸೇರದಿರುವುದು, ವಾಕರಿಕೆ, ಅತಿ ಸುಸ್ತು, ತಲೆಸುತ್ತು. ಇದು ಎಷ್ಟೋ ಜನರಿಗೆ ಬರುತ್ತದೆ, ಅಲ್ಲೇ ಒಂದೆರಡು ದಿನ ತಂಗಿದರೆ ಹೋಗುತ್ತದೆ. ಲಕ್ಷಣಗಳಿರುವಾಗ ಮತ್ತೆ ಮೇಲೆ ಹೋಗಿ ಮಲಗಬಾರದು. ಅಲ್ಲೇ ಇದ್ದರೂ ಹೆಚ್ಚುತ್ತಿದ್ದರೆ ಕೆಳಗಿಳಿಯಬೇಕು.

ಇದನ್ನು ಅಲಕ್ಷಿಸಿದರೆ ಬರಬಹುದಾದ ಕೇಡುಗಳು ಎರಡು. ಒಂದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ಕೊನೆಗೆ ನೊರೆಯಂಥ ಗುಲಾಬಿ ಬಣ್ಣದ ಕಫ. ಇದು ತಲೆನೋವಿನ ಮುನ್ಸೂಚನೆ ಕೊಡದೆಯೂ ಬರಬಹುದು. ಇನ್ನೊಂದು, ಮಿದುಳು ಊದಿಕೊಳ್ಳುವುದು. ಮಾತು ತೊದಲುತ್ತದೆ, ನಡೆ ಓಲಾಡುತ್ತದೆ. ಒಂದು ಹಿಮ್ಮಡಿಯ ಮುಂದೆ ಇನ್ನೊಂದು ಪಾದವಿಟ್ಟು ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ ಅನುಮಾನವೇ ಬೇಡ. ಎರಡಕ್ಕೂ ಮೊದಲ ಚಿಕಿತ್ಸೆ ಒಂದೇ: ಆಮ್ಲಜನಕ ಕೊಟ್ಟು ತಕ್ಷಣ ಕೆಳಗಿಳಿಸುವುದು. ಬೆಳಗಾಗಲಿ ನೋಡೋಣ ಎಂದವರು ಬೆಳಗನ್ನು ಕಾಣದಿರುವುದೂ ಉಂಟು.

ಮಾತ್ರೆಯ ಮಾತೂ ಬರುತ್ತದೆ. ಅಸೆಟಜೋಲಮೈಡ್ ಎಂಬ ಔಷಧ, ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತ, ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹೊರಹಾಕುವ ಕೆಲಸವನ್ನು ಚುರುಕುಗೊಳಿಸುತ್ತದೆ. ಅದು ಹೊಂದಾಣಿಕೆಗೆ ನೆರವು, ಹೊಂದಾಣಿಕೆಗೆ ಬದಲಿ ಅಲ್ಲ. ಸಲ್ಫಾ ಔಷಧಗಳ ಅಲರ್ಜಿ ಇರುವವರು ಮೊದಲೇ ತಿಳಿಸಬೇಕು. ವೈದ್ಯರನ್ನು ಕೇಳದೆ, ಗೆಳೆಯನ ಡಬ್ಬಿಯಿಂದ ತೆಗೆದು ನುಂಗುವ ಮಾತ್ರೆ ಇದಲ್ಲ. ಉಬ್ಬಸ, ಹೃದಯದ ತೊಂದರೆ, ರಕ್ತಹೀನತೆ ಇರುವವರಂತೂ ಹಣ ಕಟ್ಟುವ ಮೊದಲೇ ವೈದ್ಯರನ್ನು ಕಾಣಬೇಕು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್ ಅಲ್ಲೂ ಉಪಯೋಗಕ್ಕೆ ಬರುತ್ತದೆ. ಆದರೆ ಊರಿನಲ್ಲಿ 97 ತೋರಿಸಿದ್ದು ಲೇಹ್‌ನಲ್ಲಿ 90ಕ್ಕಿಂತ ಕೆಳಗೆ ಬಂದರೆ ಗಾಬರಿ ಬೇಡ. ಅಂಕಿ ಚೆನ್ನಾಗಿದೆಯೆಂದು ತಲೆನೋವನ್ನು ಮರೆಯುವುದೂ ಬೇಡ.

ಚಳಿ, ಬಿಸಿಲು, ಬುತ್ತಿ

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಲೇಹ್‌ನಲ್ಲಿ ರಾತ್ರಿ 10 ಡಿಗ್ರಿ ಇದ್ದರೆ, ಅಲ್ಲಿಗಿಂತ 2,750 ಮೀಟರ್ ಎತ್ತರದ ಶಿಖರದಲ್ಲಿ ಎಷ್ಟು? ಉತ್ತರ ಸುಮಾರು ಮೈನಸ್ 8. ಗಾಳಿ ಬೀಸಿದರೆ ಮೈಗೆ ಅದಕ್ಕಿಂತ ಬಹಳ ಹೆಚ್ಚಿನ ಚಳಿ.

ಇದಕ್ಕೆ ಒಂದೇ ದಪ್ಪ ಕೋಟು ಪರಿಹಾರವಲ್ಲ. ಬೆವರನ್ನು ಹೊರಬಿಡುವ ಒಳಉಡುಪು, ಅದರ ಮೇಲೆ ಬೆಚ್ಚಗಿಡುವ ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ಗಾಳಿ ನೀರು ತಡೆಯುವ ಹೊದಿಕೆ, ನಿಂತಾಗ ಹಾಕಿಕೊಳ್ಳಲು ಗರಿ ತುಂಬಿದ ಜಾಕೆಟ್. ಹತ್ತಿಯ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈ ತಣ್ಣಗಾಗಿಸುತ್ತದೆ. ನಮ್ಮೂರಿನ ಸೆಕೆಗೆ ಹಿತವಾದದ್ದು ಅಲ್ಲಿ ಹಗೆ. ನಡಿಗೆಯ ಬೂಟನ್ನು ಎರಡು ತಿಂಗಳು ಮೊದಲೇ ಕೊಂಡು ಪಳಗಿಸಬೇಕು. ಹಿಮದ ಬೂಟು, ಅದರ ತಳಕ್ಕೆ ಕಟ್ಟುವ ಉಕ್ಕಿನ ಮುಳ್ಳಿನ ಕ್ರ್ಯಾಂಪಾನ್, ಹಿಮಗೊಡಲಿ, ಸೊಂಟಪಟ್ಟಿ ಬಾಡಿಗೆಗೆ ಸಿಗುತ್ತವೆ. ಅವುಗಳನ್ನು ಲೇಹ್‌ನಲ್ಲೇ ತೊಟ್ಟು ನೋಡಬೇಕು. ಕತ್ತಲೆಯಲ್ಲಿ, ಕೈಗವಸು ಹಾಕಿಕೊಂಡೇ ಕ್ರ್ಯಾಂಪಾನ್ ಕಟ್ಟುವುದನ್ನು ರೂಢಿ ಮಾಡಿಕೊಳ್ಳಬೇಕು.

ಕಪ್ಪು ಕನ್ನಡಕ ಚಂದಕ್ಕಲ್ಲ. ಪ್ರತಿ ಸಾವಿರ ಮೀಟರಿಗೆ ನೇರಳಾತೀತ ಕಿರಣಗಳ ತೀವ್ರತೆ ಶೇಕಡ ಹತ್ತರಷ್ಟು ಹೆಚ್ಚುತ್ತದೆ. ಹೊಸ ಹಿಮವು ಬಿದ್ದ ಕಿರಣಗಳಲ್ಲಿ ಶೇಕಡ 80ರವರೆಗೆ ಹಿಂದಕ್ಕೆ ಕಳಿಸುತ್ತದೆ. ಕನ್ನಡಕವಿಲ್ಲದೆ ಕೆಲವು ಗಂಟೆ ನಡೆದರೆ ಕಣ್ಣಿಗೆ ಮರಳು ತುಂಬಿದಂತಾಗಿ ದಾರಿಯೇ ಕಾಣದು.

ಎತ್ತರದಲ್ಲಿ ಹಸಿವು ಸಾಯುತ್ತದೆ. ಆಗ ಬಾಯಿಗೆ ಪರಿಚಯವಿದ್ದ ರುಚಿಯೇ ಒಳಗೆ ಇಳಿಯುವುದು. ಅಮ್ಮನ ಚಟ್ನಿಪುಡಿ, ಹುರಿದ ಅವಲಕ್ಕಿ, ಶೇಂಗಾ ಚಿಕ್ಕಿ ಚೀಲದಲ್ಲಿದ್ದರೆ ದುಬಾರಿ ಚಾಕೊಲೇಟಿಗಿಂತ ಕೆಲಸಕ್ಕೆ ಬರುತ್ತವೆ. ಒಣಗಾಳಿಯಲ್ಲಿ ಉಸಿರಿನೊಡನೆಯೇ ನೀರು ಹೋಗುವುದರಿಂದ ದಿನಕ್ಕೆ ಮೂರು ನಾಲ್ಕು ಲೀಟರ್ ದ್ರವ ಬೇಕು. ಮದ್ಯ, ನಿದ್ದೆ ಮಾತ್ರೆ ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ. ಅವನ್ನು ದೂರವಿಡಬೇಕು.

ಪಾಲಕರು ಕೇಳಬೇಕಾದ ಪ್ರಶ್ನೆಗಳು

ಮಾರ್ಗದರ್ಶಕರು ಇದ್ದಾರೆಂದ ಮಾತ್ರಕ್ಕೆ ಅಪಾಯ ಇಲ್ಲವಾಗುವುದಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ-2 ಶಿಖರದಲ್ಲಿ ಹಿಮಕುಸಿತವಾಗಿ ತರಬೇತಿ ಪಡೆಯುತ್ತಿದ್ದ ಹಲವರು ತೀರಿಕೊಂಡರು. ಅವರಿಗೆ ಕಲಿಸುತ್ತಿದ್ದ ಸವಿತಾ ಕಂಸ್ವಾಲ್ ಕೂಡ ಉಳಿಯಲಿಲ್ಲ. ಆಕೆ ಅದೇ ವರ್ಷ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಏರಿದ್ದವರು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕ ಕರ್ನಾಟಕದ ತಂಡದಲ್ಲಿ ಒಂಬತ್ತು ಮಂದಿ ಪ್ರಾಣ ಬಿಟ್ಟರು. ಅದು ಶಿಖರಾರೋಹಣವೂ ಆಗಿರಲಿಲ್ಲ, ನಡೆದು ಹೋಗುವ ದಾರಿ. ಈ ಸುದ್ದಿ ಓದಿದ ತಂದೆತಾಯಿಗಳು ಮಗಳು ಹಿಮಾಲಯ ಎಂದರೆ ಬೆಚ್ಚುವುದು ಸಹಜ. ಬೇಡವೇ ಬೇಡ ಎನ್ನುವುದಕ್ಕಿಂತ, ಕೂತು ಕೇಳಿ ವಿಚಾರಿಸುವುದು ಮೇಲು.

ಕರೆದೊಯ್ಯುವ ಸಂಸ್ಥೆಯನ್ನು ಕೇಳಬೇಕಾದದ್ದು ಇಷ್ಟು. ಮೂರು ಸಾವಿರ ಮೀಟರ್ ಮೇಲೆ ಎಷ್ಟು ರಾತ್ರಿಗಳು, ಪ್ರತಿ ರಾತ್ರಿ ಎಷ್ಟು ಎತ್ತರ? ಹವೆ ಕೆಟ್ಟರೆ ಕಾಯಲು ದಿನವಿದೆಯೇ? ಶಿಖರಕ್ಕೆ ಬೇಕಾದ ಅನುಮತಿ ಪಡೆದಿದ್ದಾರೆಯೇ? ಮಾರ್ಗದರ್ಶಕರು ಎಲ್ಲಿ ಕಲಿತವರು, ಎಷ್ಟು ಜನಕ್ಕೆ ಒಬ್ಬರು? ಆಮ್ಲಜನಕದ ಸಿಲಿಂಡರ್ ತಳಶಿಬಿರದಲ್ಲಿರುತ್ತದೆಯೇ? ಒಬ್ಬರು ಹಿಂದಿರುಗಬೇಕಾದರೆ ಅವರ ಜೊತೆ ಇಳಿಯಲು ಇನ್ನೊಬ್ಬ ಮಾರ್ಗದರ್ಶಕ ಉಂಟೇ? ಆರು ಸಾವಿರ ಮೀಟರ್ ಎತ್ತರಕ್ಕೂ ಅನ್ವಯಿಸುವ ವಿಮೆ ಇದೆಯೇ? ನೇರ ಉತ್ತರ ಕೊಡದವರಿಗೆ ಮಕ್ಕಳನ್ನು ಒಪ್ಪಿಸಬೇಕಾಗಿಲ್ಲ.

ಇನ್ನೂ ಭದ್ರವಾಗಿ ಕಲಿಯುವ ಮನಸ್ಸಿದ್ದರೆ ಬೇರೆ ದಾರಿಯಿದೆ. ಡಾರ್ಜಿಲಿಂಗ್‌ನಲ್ಲಿ 1954ರಲ್ಲಿ ಆರಂಭವಾದ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್, ಉತ್ತರಕಾಶಿಯಲ್ಲಿ 1965ರಲ್ಲಿ ಸ್ಥಾಪಿತವಾದ ನೆಹರು ಪರ್ವತಾರೋಹಣ ಸಂಸ್ಥೆ ಮುಂತಾದವು ಸುಮಾರು ನಾಲ್ಕು ವಾರಗಳ ಮೂಲ ಶಿಕ್ಷಣ ಕೊಡುತ್ತವೆ. ಹಗ್ಗದ ಗಂಟಿನಿಂದ ಹಿಡಿದು ಹಿಮದಲ್ಲಿ ಜಾರಿದಾಗ ತಡೆದುಕೊಳ್ಳುವವರೆಗೆ ಅಲ್ಲಿ ಕಲಿಯಬಹುದು. ಆಮೇಲೆ ಶಿಖರಕ್ಕೆ ಹೋದವರು ಮಾರ್ಗದರ್ಶಕನ ಹಿಂದೆ ಹೋಗುವ ಹೊರೆಯಾಗದೆ, ಅವನಿಗೆ ನೆರವಾಗಬಲ್ಲ ಜೊತೆಗಾರರಾಗುತ್ತಾರೆ.

ಹಿಂದಿರುಗುವ ಗಂಟೆ

ಶಿಖರದ ರಾತ್ರಿ ಸಾಮಾನ್ಯವಾಗಿ ನಡುರಾತ್ರಿಗೆ ಮೊದಲೋ ಅದರ ಹೊತ್ತಿಗೋ ಹೊರಡುತ್ತಾರೆ. ಇದಕ್ಕೂ ಕಾರಣವಿದೆ. ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿದ್ದು ಕ್ರ್ಯಾಂಪಾನ್ ಚೆನ್ನಾಗಿ ಕಚ್ಚುತ್ತದೆ. ಬಿಸಿಲೇರಿದ ಮೇಲೆ ಹಿಮ ಮೆತ್ತಗಾಗಿ ಮಂಡಿಯವರೆಗೆ ಹೂಳುತ್ತದೆ, ಕಲ್ಲು ಉರುಳುತ್ತದೆ, ಕುಸಿತದ ಭಯವೂ ಹೆಚ್ಚುತ್ತದೆ. ಆದ್ದರಿಂದ ಮಾರ್ಗದರ್ಶಕರು ಹೊರಡುವ ಮೊದಲೇ ಒಂದು ಗಂಟೆಯನ್ನು ಗೊತ್ತುಮಾಡುತ್ತಾರೆ. ಆ ಹೊತ್ತಿಗೆ ಶಿಖರ ನೂರೇ ಮೀಟರ್ ದೂರವಿದ್ದರೂ ಹಿಂದಿರುಗಬೇಕು. ಆಮ್ಲಜನಕ ಕಡಿಮೆಯಾದ ಮಿದುಳು ಅಲ್ಲಿ ನಿಂತು ಸರಿಯಾದ ತೀರ್ಮಾನ ಮಾಡಲಾರದು. ತೀರ್ಮಾನವನ್ನು ಕೆಳಗೆ, ತಲೆ ತಿಳಿಯಾಗಿರುವಾಗಲೇ ಮಾಡಿಟ್ಟಿರಬೇಕು.

ಹುಡುಗರು ತಲೆನೋವನ್ನು ಬಚ್ಚಿಡುವುದು ಹುಂಬತನದಿಂದಲೇ ಅಲ್ಲ. ಅಪ್ಪ ಕಷ್ಟಪಟ್ಟು ಹಣ ಹೊಂದಿಸಿದ್ದಾರೆ, ಗೆಳೆಯರಿಗೆಲ್ಲ ಹೇಳಿಯಾಗಿದೆ, ತನ್ನಿಂದ ತಂಡ ನಿಲ್ಲಬಾರದು ಎಂಬ ಸಂಕೋಚವೂ ಇರುತ್ತದೆ. ಆ ಭಾರವನ್ನು ಇಳಿಸಬಲ್ಲವರು ಮನೆಯವರು. ಹೊರಡುವ ದಿನ ಆಶೀರ್ವಾದದ ಜೊತೆ ತಂದೆತಾಯಿ ಇನ್ನೊಂದು ಮಾತು ಹೇಳಿ ಕಳಿಸಲಿ: 'ಮೈ ಸರಿಯಿಲ್ಲದಿದ್ದರೆ ಬಾಯಿ ಬಿಟ್ಟು ಹೇಳು, ಅರ್ಧದಿಂದ ಬಂದರೂ ಈ ಮನೆಯಲ್ಲಿ ಯಾರೂ ಹಣದ ಮಾತೆತ್ತುವುದಿಲ್ಲ.' ಚೀಲಕ್ಕೆ ತುಂಬುವ ಸಾಮಾನುಗಳ ಪಟ್ಟಿಯಲ್ಲಿ ಈ ಮಾತನ್ನು ಮೊದಲು ಬರೆದುಕೊಳ್ಳುವುದು ಒಳ್ಳೆಯದು.